ಕಲಿಯುವವರಿಗಾಗಿ ವಿಮಾನ ಕಟ್ಟಿದ ಗುರು



ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ, ಯಲಹಂಕ, ಹೆಬ್ಬಾಳ ಕಡೆಯ ನಮಗೆ ವಿಮಾನದ ಸದ್ದು ಹೊಸದೇನಲ್ಲ. ಯಲಹಂಕದಲ್ಲಿ ವಾಯುಪಡೆಯ ನೆಲೆಯಿದೆ. ಜಕ್ಕೂರಿನಲ್ಲಿ ಹಾರಾಟ ಕಲಿಸುವ ಸರಕಾರಿ ಶಾಲೆಯಿದೆ. 1996ರಿಂದ ಯಲಹಂಕದಲ್ಲಿ ನಡೆಯುತ್ತಿರುವ ವೈಮಾನಿಕ ಪ್ರದರ್ಶನದ ದಿನಗಳಲ್ಲಂತೂ ನಮ್ಮ ಮಕ್ಕಳು ತಾರಸಿಯಿಂದ ಇಳಿಯುವುದೇ ಇಲ್ಲ. ಆಕಾಶ ನೋಡಿ ಬೆಳೆದ ಮಕ್ಕಳಿಗೆ ವಿಮಾನದ ಹುಚ್ಚು ಹಿಡಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಚಿನ ವರ್ಷಗಳಲ್ಲಿ ಹೈಸ್ಕೂಲು, ಪಿ.ಯು.ಸಿ. ಮಕ್ಕಳಿಗೆ ವಿಮಾನ ವಿಜ್ಞಾನದ ಪರಿಚಯ ಮಾಡಿಸಿ, ಅವರ ಕೈಯಿಂದಲೇ ಚಿಕ್ಕ ವಿಮಾನಗಳನ್ನು ಕಟ್ಟಿಸುವ ತರಗತಿಗಳು ನಗರದಲ್ಲಿ ನಡೆಯುತ್ತಿವೆ. ಮಗ ಅಥವಾ ಮಗಳು ಸೇರುತ್ತೇನೆ ಎಂದು ಹಟ ಹಿಡಿದಾಗ ಹೆತ್ತವರ ಮನಸ್ಸಿನಲ್ಲಿ ಲೆಕ್ಕಾಚಾರ ಆರಂಭವಾಗುತ್ತದೆ. ಇದರಿಂದ ಅಂಕ ಹೆಚ್ಚುತ್ತದೆಯೇ? ಮುಂದೆ ಕೆಲಸ ಸಿಗುತ್ತದೆಯೇ? ಕಷ್ಟಪಟ್ಟು ಉಳಿಸಿದ ಹಣ ಆಟಿಕೆಯ ಪಾಲಾಗುವುದಿಲ್ಲವೇ? ತಿಂಗಳ ಸಂಬಳದಲ್ಲಿ ಬಾಡಿಗೆ, ಶಾಲೆಯ ಶುಲ್ಕ, ಚೀಟಿ ಹಣ ಎಲ್ಲವನ್ನೂ ತೂಗಿಸಬೇಕಾದ ಕುಟುಂಬಗಳು ಹೀಗೆ ಕೇಳುವುದು ತಪ್ಪಲ್ಲ. ಆದರೆ ಉತ್ತರ ಹುಡುಕುವ ಮುನ್ನ ನಮ್ಮ ಬೆಂಗಳೂರಿನಲ್ಲೇ ಈ ಪಾಠವನ್ನು ಮೊದಲು ಆರಂಭಿಸಿದ ಒಬ್ಬ ಗುರುವಿನ ಬದುಕನ್ನು ತಿಳಿಯುವುದು ಒಳ್ಳೆಯದು. ಅವರೇ ಡಾ. ವಿಷ್ಣು ಮಾಧವ ಘಾಟಗೆ.

ಗಡಿನಾಡಿನ ಹುಡುಗ

ಘಾಟಗೆಯವರು ಹುಟ್ಟಿದ್ದು 1908ರ ಅಕ್ಟೋಬರ್ 24ರಂದು, ಕೊಲ್ಹಾಪುರ ಸೀಮೆಯ ಗಡಹಿಂಗ್ಲಜದ ಬಳಿಯ ಹಸೂರಚಂಪು ಎಂಬ ಹಳ್ಳಿಯಲ್ಲಿ. ನಮ್ಮ ಬೆಳಗಾವಿ ಜಿಲ್ಲೆಗೆ ತಾಗಿಕೊಂಡಿರುವ, ಕನ್ನಡ ಮರಾಠಿ ಎರಡೂ ಕಿವಿಗೆ ಬೀಳುವ ನಾಡು ಅದು. ಅವರು ಹುಟ್ಟುವುದಕ್ಕೆ ಎರಡು ತಿಂಗಳು ಮುಂಚೆ, ಆಗಸ್ಟ್‌ನಲ್ಲಿ, ವಿಲ್ಬರ್ ರೈಟ್ ಫ್ರಾನ್ಸ್ ದೇಶದಲ್ಲಿ ಸಾರ್ವಜನಿಕರ ಎದುರು ಮೊದಲ ಬಾರಿಗೆ ವಿಮಾನ ಹಾರಿಸಿ ತೋರಿಸಿದ್ದರು. ರೈಟ್ ಸೋದರರು ಮೊದಲು ಹಾರಿದ್ದು 1903ರಲ್ಲೇ ಆದರೂ ಲೋಕ ಅದನ್ನು ನಂಬಿದ್ದು ಈ ಪ್ರದರ್ಶನಗಳ ಬಳಿಕ. ಮನುಷ್ಯ ಹಾರಬಲ್ಲ ಎಂದು ಜಗತ್ತು ಒಪ್ಪಿಕೊಂಡ ವರ್ಷದಲ್ಲೇ, ಎತ್ತಿನ ಗಾಡಿಯ ಹಾದಿಯ ಒಂದು ಹಳ್ಳಿಯಲ್ಲಿ ನಮ್ಮ ದೇಶದ ವಿಮಾನ ಶಿಲ್ಪಿ ಕಣ್ಣು ಬಿಟ್ಟರು.

ಹಳ್ಳಿಯಿಂದ ಹೊರಟ ಹುಡುಗ ಮುಂಬಯಿಯಲ್ಲಿ ವಿಜ್ಞಾನದ ಉನ್ನತ ಶಿಕ್ಷಣ ಪಡೆದರು. ಅಲ್ಲಿಂದ ಅವರು ಹೋದದ್ದು ಜರ್ಮನಿಯ ಗಾಟಿಂಗೆನ್ ಎಂಬ ಊರಿಗೆ. ಊರು ಚಿಕ್ಕದಾದರೂ ಗಣಿತ ಮತ್ತು ಭೌತವಿಜ್ಞಾನಕ್ಕೆ ಅದು ಅಂದಿನ ದಿನಗಳಲ್ಲಿ ತವರುಮನೆಯಂತಿತ್ತು. ಅಲ್ಲಿ ಗಾಳಿಯ ಹರಿವನ್ನು ಅಭ್ಯಾಸ ಮಾಡುವ ಸಂಸ್ಥೆಯನ್ನು ಕಟ್ಟಿ ನಡೆಸುತ್ತಿದ್ದವರು ಪ್ರೊಫೆಸರ್ ಲುಡ್ವಿಗ್ ಪ್ರಾಂಟ್ಲ್. ಆಧುನಿಕ ವಾಯುಚಲನ ಶಾಸ್ತ್ರದ ಪಿತಾಮಹ ಎಂದು ಲೋಕವೇ ಒಪ್ಪಿದ ವಿದ್ವಾಂಸರು. ಘಾಟಗೆಯವರು ಅವರ ಶಿಷ್ಯರಾಗಿ 1936ರಲ್ಲಿ ಡಾಕ್ಟರೇಟ್ ಪದವಿ ಪಡೆದರು.

ಪ್ರಾಂಟ್ಲ್ ಅವರ ದೊಡ್ಡ ಶೋಧನೆ ಯಾವುದು ಎಂದು ತಿಳಿಯಲು ನಮ್ಮ ಮನೆಯ ಫ್ಯಾನನ್ನು ನೋಡಿದರೆ ಸಾಕು. ದಿನವಿಡೀ ಗಿರ್ರನೆ ತಿರುಗುವ ಫ್ಯಾನಿನ ರೆಕ್ಕೆಯ ಮೇಲೆ ಧೂಳು ಕೂರುವುದು ಹೇಗೆ? ಅಷ್ಟು ವೇಗದಲ್ಲಿ ತಿರುಗುವಾಗ ಅದು ಹಾರಿ ಹೋಗಬೇಡವೇ? ರೆಕ್ಕೆಗೆ ತೀರ ಅಂಟಿಕೊಂಡಿರುವ ಗಾಳಿ ರೆಕ್ಕೆಯ ಜೊತೆಯಲ್ಲೇ ಸಾಗುತ್ತದೆ, ಅದರ ಮೇಲೆ ಜಾರುವುದಿಲ್ಲ. ಆದ್ದರಿಂದ ಸಣ್ಣ ಧೂಳಿನ ಕಣಕ್ಕೆ ಗಾಳಿಯ ಏಟು ತಾಗುವುದಿಲ್ಲ. ಮೇಲ್ಮೈಯನ್ನು ಸವರಿಕೊಂಡಿರುವ ಈ ತೆಳುವಾದ ಗಾಳಿಯ ಪದರವೇ ವಿಮಾನದ ರೆಕ್ಕೆಯ ಹಣೆಬರಹವನ್ನು ಬರೆಯುತ್ತದೆ ಎಂದು ಪ್ರಾಂಟ್ಲ್ 1904ರಲ್ಲಿ ವಿವರಿಸಿದರು. ಆ ಪದರ ರೆಕ್ಕೆಯನ್ನು ಬಿಟ್ಟು ಕಳಚಿಕೊಂಡರೆ ವಿಮಾನವನ್ನು ಎತ್ತಿ ಹಿಡಿಯುವ ಬಲ ಕುಸಿಯುತ್ತದೆ. ಕಣ್ಣಿಗೆ ಕಾಣದ ಒಂದು ಪದರದ ಮೇಲೆ ಪ್ರಯಾಣಿಕರ ಪ್ರಾಣ ನಿಂತಿದೆ. ಇಂಥ ಸೂಕ್ಷ್ಮವನ್ನು ಕಂಡವರ ಬಳಿ ಘಾಟಗೆಯವರು ಪಾಠ ಕಲಿತರು.

ಆ ದಿನಗಳ ಜರ್ಮನಿಯ ಇನ್ನೊಂದು ಮುಖವನ್ನೂ ಮರೆಯಬಾರದು. 1933ರಲ್ಲಿ ಹಿಟ್ಲರನ ಆಡಳಿತ ಬಂದ ಮೇಲೆ ಅದೇ ಗಾಟಿಂಗೆನ್‌ನಿಂದ ಮ್ಯಾಕ್ಸ್ ಬಾರ್ನ್, ಎಮ್ಮಿ ನೋಯ್ಥರ್ ಅವರಂಥ ಮಹಾ ವಿದ್ವಾಂಸರನ್ನು ಯೆಹೂದ್ಯರೆಂಬ ಕಾರಣಕ್ಕೆ ಹುದ್ದೆಯಿಂದ ತೆಗೆಯಲಾಯಿತು. ಮ್ಯಾಕ್ಸ್ ಬಾರ್ನ್ ಅವರು 1935-36ರಲ್ಲಿ ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ ನಮ್ಮ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದರು. ಶಾಸ್ತ್ರಜ್ಞಾನ ಬೆಳೆದ ಊರಿನಲ್ಲೇ ಮಾನವೀಯತೆ ಸತ್ತುಹೋಗಬಹುದು ಎಂಬುದಕ್ಕೆ ಇದು ಸಾಕ್ಷಿ. ಮುಂದೆ ಅದೇ ಶಾಸ್ತ್ರದಿಂದ ಕಟ್ಟಿದ ವಿಮಾನಗಳೇ ಊರೂರುಗಳನ್ನು ಸುಟ್ಟವು. ಮಕ್ಕಳಿಗೆ ವಿಮಾನ ಕಟ್ಟುವುದನ್ನು ಕಲಿಸುವಾಗ ಅದು ಏತಕ್ಕಾಗಿ ಎಂಬುದನ್ನೂ ಕಲಿಸಬೇಕಾದವರು ಮನೆಯ ಹಿರಿಯರೇ.

ಕಾರ್ಖಾನೆ ಬಂತು

ಡಾಕ್ಟರೇಟ್ ಪಡೆದು ಮರಳಿದ ಘಾಟಗೆಯವರಿಗೆ ತಾಯ್ನಾಡಿನಲ್ಲಿ ತಾವು ಕಲಿತ ವಿದ್ಯೆಗೆ ತಕ್ಕ ಕಾರ್ಖಾನೆ ಇರಲಿಲ್ಲ. ವಿಮಾನಗಳೇನೋ ಹಾರುತ್ತಿದ್ದವು. ಜೆ. ಆರ್. ಡಿ. ಟಾಟಾ ಅವರು 1932ರಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ಹಾರಿದ್ದರು. ಆದರೆ ಹಾರುವ ಯಂತ್ರಗಳೆಲ್ಲ ಹೊರದೇಶದವು. ಹೀಗಾಗಿ ಅವರು ಅಧ್ಯಾಪಕರಾದರು.

1940ರ ಡಿಸೆಂಬರ್‌ನಲ್ಲಿ ಕಾಲ ಬದಲಾಯಿತು. ಕೈಗಾರಿಕೋದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಪಾಲುದಾರಿಕೆಯೊಂದಿಗೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮುಂದೆ ನಾವೆಲ್ಲ ಎಚ್.ಎ.ಎಲ್. ಎಂದು ಕರೆದ ಸಂಸ್ಥೆ ಅದೇ. ಘಾಟಗೆಯವರು ಮೊದಲಿನಿಂದಲೇ ಅದನ್ನು ಸೇರಿಕೊಂಡರು. 1941ರಲ್ಲಿ ಈ ಕಾರ್ಖಾನೆಯಿಂದ ಹೊರಬಂದ ಮೊದಲ ವಿಮಾನ ಹಾರ್ಲೊ ಎಂಬ ಅಮೆರಿಕದ ವಿನ್ಯಾಸದ ತರಬೇತಿ ವಿಮಾನ. ಅದೇ ವರ್ಷದ ಆಗಸ್ಟ್‌ನಲ್ಲಿ ಘಾಟಗೆಯವರು ವಿನ್ಯಾಸ ಮಾಡಿದ ಗ್ಲೈಡರ್ ಹಾರಿತು. ಗ್ಲೈಡರ್ ಎಂದರೆ ಎಂಜಿನ್ ಇಲ್ಲದೆ ಗಾಳಿಯ ಮೇಲೆ ತೇಲುವ ವಿಮಾನ. ಹತ್ತು ಜನ ಕೂರಬಹುದಾದ ಅದಕ್ಕೆ ಜಿ-1 ಎಂದು ಹೆಸರು.

ತನ್ನ ಲೆಕ್ಕ ಸರಿಯಾಯಿತು ಎಂದು ಒಬ್ಬ ಯುವಕ ಹಿಗ್ಗಬೇಕಾದ ಸಮಯ. ಆದರೆ ಆ ಗ್ಲೈಡರ್ ಸರಣಿಯಾಗಿ ತಯಾರಾಗಲಿಲ್ಲ. ಜಪಾನಿನ ಸೇನೆ ಬರ್ಮಾದವರೆಗೆ ಬಂದಿತ್ತು. ಯುದ್ಧದ ಒತ್ತಡದಲ್ಲಿ ಕಾರ್ಖಾನೆಯ ಕೆಲಸವೆಲ್ಲ ರಿಪೇರಿಯ ಕಡೆಗೆ ತಿರುಗಿತು. ಅಮೆರಿಕ ಮತ್ತು ಬ್ರಿಟನ್ನಿನ ಗಾಯಗೊಂಡ ವಿಮಾನಗಳು ಸಾಲುಸಾಲಾಗಿ ಬಂದು, ದುರಸ್ತಿಯಾಗಿ ಮರಳಿ ಹಾರಿದವು. ಹೊಸತನ್ನು ಕಟ್ಟಲು ಬಂದವರಿಗೆ ಹಳೆಯದನ್ನು ಸರಿಮಾಡುವ ಕೆಲಸ. ಬಯಸಿದ ಕೆಲಸ ಕೈಗೆ ಬಂದು ತಪ್ಪಿಹೋಗುವ ಅನುಭವ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಗೊತ್ತು. ಅಂಥ ಹೊತ್ತಿನಲ್ಲಿ ಮನುಷ್ಯ ಏನು ಮಾಡುತ್ತಾನೆ ಎಂಬುದರಲ್ಲಿ ಅವನ ಹಿರಿಮೆ ಇರುತ್ತದೆ.

ಟಾಟಾ ಇನ್‌ಸ್ಟಿಟ್ಯೂಟಿನ ತರಗತಿ

ಘಾಟಗೆಯವರು ಆ ಹೊತ್ತಿನಲ್ಲಿ ಕಲಿಸಲು ಹೊರಟರು. ಯಶವಂತಪುರದ ಪಕ್ಕದಲ್ಲೇ ಇರುವ, ಹಳಬರೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರ ಡಿಸೆಂಬರ್‌ನಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ದೇಶದಲ್ಲಿ ಈ ವಿಷಯದ ಮೊದಲ ತರಗತಿ ಅದು. ಅದನ್ನು ಆರಂಭಿಸಿ ಪಾಠ ಹೇಳಿದವರು ಘಾಟಗೆ. ಪದವಿ ಮುಗಿಸಿದ ಯುವಕರು ಅವರ ವಿದ್ಯಾರ್ಥಿಗಳು. ರೆಕ್ಕೆ ಏಕೆ ಎತ್ತುತ್ತದೆ, ಗಾಳಿ ಏಕೆ ತಡೆಯುತ್ತದೆ, ಭಾರ ಎಲ್ಲಿ ಕೂರಬೇಕು, ತಗಡು ಎಷ್ಟು ದಪ್ಪವಿರಬೇಕು ಎಂಬ ಮೂಲ ಪ್ರಶ್ನೆಗಳಿಂದಲೇ ಈ ವಿದ್ಯೆ ಆರಂಭವಾಗುತ್ತದೆ. ಗಾಳಿಯನ್ನು ವೇಗವಾಗಿ ಹರಿಸಿ, ಅದರೊಳಗೆ ವಿಮಾನದ ಚಿಕ್ಕ ಮಾದರಿಯನ್ನು ನಿಲ್ಲಿಸಿ ಬಲಗಳನ್ನು ಅಳೆಯುವ ಗಾಳಿ ಸುರಂಗವೂ ಆ ವಿಭಾಗದಲ್ಲಿ ಸಿದ್ಧವಾಯಿತು.

ಕಾರ್ಖಾನೆಯಲ್ಲಿ ಒಂದು ವಿಮಾನ ಕಟ್ಟಿದರೆ ಅದು ಒಂದು ವಿಮಾನ. ತರಗತಿಯಲ್ಲಿ ಹತ್ತು ಮಂದಿಯನ್ನು ತಯಾರು ಮಾಡಿದರೆ ಅವರು ಎಷ್ಟು ವಿಮಾನ ಕಟ್ಟುತ್ತಾರೋ ಬಲ್ಲವರಾರು? ಆ ವಿಭಾಗದ ಮುಂದಿನ ಕಥೆಯನ್ನು ನೋಡಿದರೆ ಇದು ತಿಳಿಯುತ್ತದೆ. ಲಾಹೋರಿನಲ್ಲಿ ಎಂಜಿನಿಯರಿಂಗ್ ಮುಗಿಸಿದ ಸತೀಶ್ ಧವನ್ ಎಂಬ ತರುಣ 1945ರ ಸುಮಾರಿಗೆ ಒಂದು ವರ್ಷ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿದ್ದು, ಅಮೆರಿಕದಲ್ಲಿ ಓದಿ ಬಂದು, 1951ರಲ್ಲಿ ಘಾಟಗೆಯವರು ತೊಡಗಿಸಿದ ಈ ವಿಭಾಗವನ್ನೇ ಸೇರಿದರು. ಮುಂದೆ ಅದರ ಮುಖ್ಯಸ್ಥರಾದರು, ಸಂಸ್ಥೆಯ ನಿರ್ದೇಶಕರಾದರು, 1972ರಲ್ಲಿ ಇಸ್ರೋ ಅಧ್ಯಕ್ಷರೂ ಆದರು. ಅವರ ಅಧ್ಯಕ್ಷತೆಯ ಕಾಲದಲ್ಲೇ ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾಯಿತು. ಅದನ್ನು ಕಟ್ಟಿದ್ದು ಎಲ್ಲಿ ಗೊತ್ತೇ? ನಮ್ಮ ನಾಗಸಂದ್ರದ ನೆರೆಯ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ! ಪ್ರೊ. ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ಯುವ ಎಂಜಿನಿಯರುಗಳು ಅಲ್ಲಿ ದುಡಿದರು. ಸುಮಾರು 360 ಕಿಲೋ ತೂಕದ ಆ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ನಾಡಿನಿಂದ ಹಾರಿಸಲಾಯಿತು. ಒಂದು ತರಗತಿ ಹಚ್ಚಿದ ದೀಪದಿಂದ ಎಷ್ಟು ದೀಪಗಳು ಹೊತ್ತಿಕೊಳ್ಳುತ್ತವೆ ನೋಡಿ.

ಎಚ್.ಟಿ.-2ರ ಹಾರಾಟ

ಸ್ವಾತಂತ್ರ್ಯ ಬಂದಾಗ ಕಾರ್ಖಾನೆಗೆ ಕೆಲಸವೇ ಕಡಿಮೆಯಾಯಿತು. ಯುದ್ಧ ಮುಗಿದಿತ್ತು, ರಿಪೇರಿಗೆ ಬರುವ ವಿಮಾನಗಳಿರಲಿಲ್ಲ. ನುರಿತ ಕೆಲಸಗಾರರನ್ನು ಉಳಿಸಿಕೊಳ್ಳಬೇಕಲ್ಲ, ಹಾಗಾಗಿ ಅಲ್ಲಿ ರೈಲು ಬೋಗಿಗಳು ಮತ್ತು ಬಸ್ಸಿನ ಮೈಕಟ್ಟುಗಳು ತಯಾರಾದವು. ವಿಮಾನದ ತಗಡು ಬಡಿದ ಕೈಗಳೇ ರೈಲಿನ ತಗಡು ಬಡಿದವು. ಮನೆ ನಡೆಯಬೇಕಾದರೆ ಯಾವ ಕೆಲಸವೂ ಕೀಳಲ್ಲ ಎಂಬುದನ್ನು ಬಲ್ಲ ನಮ್ಮ ಕಾರ್ಮಿಕ ಕುಟುಂಬಗಳಿಗೆ ಈ ಮಾತು ಅರ್ಥವಾಗುತ್ತದೆ.

ಇಂಥ ದಿನಗಳಲ್ಲಿ ಘಾಟಗೆಯವರ ತಂಡಕ್ಕೆ ಹೊಸ ವಿಮಾನವೊಂದನ್ನು ವಿನ್ಯಾಸ ಮಾಡುವ ಅವಕಾಶ ಒದಗಿತು. ಶತ್ರುವಿನ ಮೇಲೆ ಎರಗುವ ವಿಮಾನವಲ್ಲ ಅದು; ಹಾರಲು ಬಾರದ ಹದಿನೆಂಟು ಇಪ್ಪತ್ತರ ಹುಡುಗರಿಗೆ ಮೊದಲ ಪಾಠ ಹೇಳುವ ವಿಮಾನ. ಅಲ್ಲಿಯವರೆಗೆ ಈ ಕೆಲಸಕ್ಕೆ ಬಳಸುತ್ತಿದ್ದುದು ಬಟ್ಟೆ ಹೊದಿಸಿದ, ಒಂದರ ಮೇಲೊಂದು ರೆಕ್ಕೆಯಿದ್ದ ಇಂಗ್ಲೆಂಡಿನ ಟೈಗರ್ ಮಾತ್ ವಿಮಾನ. ಅದರ ಜಾಗಕ್ಕೆ ಪೂರ್ತಿ ಲೋಹದ, ಒಂಟಿ ಜೊತೆ ರೆಕ್ಕೆಯ ಭಾರತೀಯ ವಿಮಾನ ಬರಬೇಕಾಗಿತ್ತು. ಅದಕ್ಕೆ ಎಚ್.ಟಿ.-2 ಎಂದು ಹೆಸರಿಟ್ಟರು. ಹಿಂದೂಸ್ತಾನ್ ಟ್ರೇನರ್ ಎಂಬುದರ ಸಂಕ್ಷಿಪ್ತ ರೂಪ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 35 ಅಡಿ. ಉದ್ದ ಸುಮಾರು 25 ಅಡಿ. ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್.

1951ರ ಆಗಸ್ಟ್‌ನಲ್ಲಿ ಅದು ಮೊದಲ ಬಾರಿ ಹಾರಿತು. ಹಾರಿಸಿದವರು ಜಮ್‌ಶೆಡ್ ಮುನ್ಷಿ. ಹೊಸ ವಿಮಾನದ ಮೊದಲ ಹಾರಾಟ ಎಂದರೆ ಎಂಥದ್ದೆಂದು ಯೋಚಿಸಿ. ಕಾಗದದ ಮೇಲಿನ ಸಾವಿರಾರು ಲೆಕ್ಕಗಳನ್ನು ನಂಬಿ ಒಬ್ಬ ಮನುಷ್ಯ ತನ್ನ ಪ್ರಾಣವನ್ನು ಅದರೊಳಗೆ ಇಟ್ಟು ಮೇಲೇರುತ್ತಾನೆ. ಕೆಳಗೆ ನಿಂತ ವಿನ್ಯಾಸಕಾರನಿಗೆ ಆಗ ಮಾಡಲು ಏನೂ ಉಳಿದಿರುವುದಿಲ್ಲ. ಮಾಡಬೇಕಾದುದನ್ನೆಲ್ಲ ಮೊದಲೇ ಪ್ರಾಮಾಣಿಕವಾಗಿ ಮಾಡಿರಬೇಕು. ಪರೀಕ್ಷೆಯ ಹಾಳೆಯಲ್ಲಿ ತಪ್ಪಿದರೆ ಅಂಕ ಹೋಗುತ್ತದೆ, ಇಲ್ಲಿ ತಪ್ಪಿದರೆ ಇನ್ನೊಬ್ಬರ ಜೀವವೇ ಹೋಗುತ್ತದೆ. ಎಚ್.ಟಿ.-2 ಹಾರಿ ಸುರಕ್ಷಿತವಾಗಿ ಇಳಿಯಿತು. ಭಾರತದಲ್ಲೇ ವಿನ್ಯಾಸಗೊಂಡು ಸರಣಿಯಾಗಿ ತಯಾರಾದ ಮೊದಲ ಎಂಜಿನ್ ವಿಮಾನ ಅದಾಯಿತು.

ನೂರಕ್ಕೂ ಹೆಚ್ಚು ಎಚ್.ಟಿ.-2 ವಿಮಾನಗಳು ಬೆಂಗಳೂರಿನಲ್ಲಿ ತಯಾರಾದವು. ಆಫ್ರಿಕದ ಘಾನಾ ದೇಶ ಸ್ವತಂತ್ರವಾಗಿ ತನ್ನ ವಾಯುಪಡೆಯನ್ನು ಕಟ್ಟಲು ಹೊರಟಾಗ ಭಾರತ ನೆರವಾಯಿತು, ಹನ್ನೆರಡು ಎಚ್.ಟಿ.-2 ವಿಮಾನಗಳು ಅಲ್ಲಿಗೂ ಹೋದವು. ನಮ್ಮ ಬೀದರಿನ ವಾಯುಪಡೆ ಶಾಲೆಯಲ್ಲಿ ಎಷ್ಟೋ ತಲೆಮಾರಿನ ಹುಡುಗರು ಮೊದಲು ನೆಲ ಬಿಟ್ಟದ್ದು ಇದೇ ವಿಮಾನದಲ್ಲಿ. ಮೂರು ದಶಕಗಳಿಗೂ ಹೆಚ್ಚು ಕಾಲ ಅದು ಹಾರುವ ತರಗತಿಯಾಗಿ ದುಡಿಯಿತು.

ಎರಡು ಹಿಡಿಕೆಗಳ ಗುಟ್ಟು

ತರಬೇತಿ ವಿಮಾನವನ್ನು ಕಟ್ಟುವುದು ಸುಲಭ ಎಂದು ಯಾರೂ ಭಾವಿಸಬಾರದು. ನುರಿತ ಚಾಲಕನಿಗೆ ಮಾಡುವ ವಿಮಾನದಲ್ಲಿ ಅವನು ಸರಿಯಾಗಿ ನಡೆದುಕೊಳ್ಳುತ್ತಾನೆ ಎಂದು ನಂಬಬಹುದು. ಕಲಿಯುವವನು ತಪ್ಪು ಮಾಡಿಯೇ ಮಾಡುತ್ತಾನೆ. ವೇಗ ಕಡಿಮೆ ಮಾಡುತ್ತಾನೆ, ಮೂತಿಯನ್ನು ಅತಿಯಾಗಿ ಎತ್ತುತ್ತಾನೆ, ಇಳಿಯುವಾಗ ನೆಲಕ್ಕೆ ಅಪ್ಪಳಿಸುತ್ತಾನೆ. ಇವೆಲ್ಲವನ್ನೂ ಮೊದಲೇ ಊಹಿಸಿ, ತಾಳಿಕೊಳ್ಳುವ ಹಾಗೆ ಅದನ್ನು ಕಟ್ಟಬೇಕು. ಹಾಗೆಂದು ತಪ್ಪನ್ನು ಮುಚ್ಚಿಡುವ ವಿಮಾನವೂ ಒಳ್ಳೆಯದಲ್ಲ. ತಪ್ಪಾಯಿತು ಎಂಬುದು ಕಲಿಯುವವನ ಕೈಗೆ, ಕಾಲಿಗೆ ತಿಳಿಯಬೇಕು. ಎಚ್.ಟಿ.-2ರ ಬಾಲದ ಕೆಳಗೆ ಒಂದು ಚಿಕ್ಕ ಚಕ್ರವಿತ್ತು. ಇಂಥ ವಿಮಾನಗಳು ನೆಲದ ಮೇಲೆ ಓಡುವಾಗ ಸ್ವಲ್ಪ ಅಲಕ್ಷ್ಯ ಮಾಡಿದರೂ ಪಕ್ಕಕ್ಕೆ ತಿರುಗಿಬಿಡುತ್ತವೆ. ಆದ್ದರಿಂದ ಇದರಲ್ಲಿ ಕಲಿತವರು ವಿಮಾನ ಪೂರ್ತಿ ನಿಲ್ಲುವವರೆಗೆ ಎಚ್ಚರ ತಪ್ಪದಿರುವುದನ್ನು ಕಲಿತರು.

ಇನ್ನೊಂದು ವಿಶೇಷವಿದೆ. ತರಬೇತಿ ವಿಮಾನದಲ್ಲಿ ಹಿಡಿಕೆಗಳು ಎರಡೆರಡು. ಶಿಷ್ಯನ ಮುಂದೆ ಒಂದು, ಗುರುವಿನ ಮುಂದೆ ಒಂದು. ಎರಡೂ ಒಳಗೊಳಗೇ ಜೋಡಿಸಿದವು. ಶಿಷ್ಯ ಮಾಡುವುದೆಲ್ಲ ಗುರುವಿನ ಕೈಗೆ ತಿಳಿಯುತ್ತದೆ. ಅಪಾಯ ಬಂದರೆ ಗುರು ಹಿಡಿಯಬಹುದು. ಬಾರದಿದ್ದರೆ ಸುಮ್ಮನೆ ಕೂರಬೇಕು. ಎಲ್ಲವನ್ನೂ ತಾನೇ ಹಿಡಿದರೆ ಶಿಷ್ಯ ಎಂದಿಗೂ ಕಲಿಯುವುದಿಲ್ಲ. ಪೂರ್ತಿ ಬಿಟ್ಟರೆ ಇಬ್ಬರೂ ಉಳಿಯುವುದಿಲ್ಲ. ಒಂದು ದಿನ ಗುರು ವಿಮಾನದಿಂದ ಇಳಿದು, ಶಿಷ್ಯ ಒಬ್ಬನೇ ಹಾರಲಿ ಎಂದು ಕಳುಹಿಸುತ್ತಾನೆ. ಆ ದಿನ ಬರದಿದ್ದರೆ ಕಲಿಸಿದ್ದೇ ವ್ಯರ್ಥ. ಹದಿಹರೆಯದ ಮಕ್ಕಳಿರುವ ತಂದೆತಾಯಿಗಳಿಗೆ ಈ ಎರಡು ಹಿಡಿಕೆಗಳ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪುಷ್ಪಕ ಮತ್ತು ಕಿರಣ

ಎಚ್.ಟಿ.-2ರ ಬಳಿಕವೂ ಕಲಿಯುವವರನ್ನು ಘಾಟಗೆಯವರ ತಂಡ ಮರೆಯಲಿಲ್ಲ. 1956ರಲ್ಲಿ ಯುದ್ಧವಿಮಾನದ ವಿನ್ಯಾಸಕ್ಕಾಗಿ ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟಾಂಕ್ ಅವರನ್ನು ಬೆಂಗಳೂರಿಗೆ ಕರೆಸಲಾಯಿತು. ಅವರ ಮಾರುತ ವಿಮಾನ 1961ರಲ್ಲಿ ಹಾರಿತು, ದೇಶವೆಲ್ಲ ಅದನ್ನು ಕೊಂಡಾಡಿತು. ಅದೇ ಅವಧಿಯಲ್ಲಿ ಎಚ್.ಎ.ಎಲ್.ನಿಂದ ಸದ್ದುಗದ್ದಲವಿಲ್ಲದೆ ಸಾಮಾನ್ಯರಿಗೆ ಹಾರಾಟ ಕಲಿಸುವ ಇನ್ನೊಂದು ಪುಟ್ಟ ವಿಮಾನ ಹೊರಬಂತು. 1958ರ ಸೆಪ್ಟೆಂಬರ್‌ನಲ್ಲಿ ಹಾರಿದ ಅದರ ಹೆಸರು ಪುಷ್ಪಕ. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿದ ಮೈ, ಅಕ್ಕಪಕ್ಕದಲ್ಲಿ ಇಬ್ಬರಿಗೆ ಆಸನ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಅದನ್ನು ಮಾಡಲಾಯಿತು. ಎನ್.ಸಿ.ಸಿ. ವಾಯು ವಿಭಾಗದ ಹುಡುಗರೂ ಅದರಲ್ಲಿ ಹಾರಿದರು. ಪುಷ್ಪಕವನ್ನು ಸ್ವಲ್ಪ ದೊಡ್ಡದು ಮಾಡಿ ಕೃಷಕ್ ಎಂಬ ವಿಮಾನವನ್ನೂ ರೂಪಿಸಲಾಯಿತು.

ಮುಂದೆ ಜೆಟ್ ಯುಗ ಬಂತು. ಪ್ರೊಪೆಲ್ಲರಿನ ವಿಮಾನದಲ್ಲಿ ಕಲಿತ ಹುಡುಗ ನೇರವಾಗಿ ಜೆಟ್ ಏರಿದರೆ ತಡಬಡಾಯಿಸುತ್ತಾನೆ. ನಡುವೆ ಒಂದು ಮೆಟ್ಟಿಲು ಬೇಕಿತ್ತು. ಆ ಮೆಟ್ಟಿಲೇ ಕಿರಣ್ ಎಂಬ ತರಬೇತಿ ಜೆಟ್. ಇದರ ವಿನ್ಯಾಸಕ್ಕೂ ಘಾಟಗೆಯವರ ಮಾರ್ಗದರ್ಶನವಿತ್ತು. 1964ರ ಸೆಪ್ಟೆಂಬರ್ 4ರಂದು ಸುರಂಜನ್ ದಾಸ್ ಅವರು ಅದನ್ನು ಮೊದಲು ಹಾರಿಸಿದರು. ಇದೇ ದಾಸ್ ಅವರು 1970ರ ಜನವರಿಯಲ್ಲಿ ಮಾರುತ ವಿಮಾನವೊಂದರ ಪರೀಕ್ಷಾ ಹಾರಾಟದಲ್ಲಿ ಪ್ರಾಣ ಕಳೆದುಕೊಂಡರು. ಎಚ್.ಎ.ಎಲ್. ಬಳಿಯ ಸುರಂಜನ್ ದಾಸ್ ರಸ್ತೆಯಲ್ಲಿ ಓಡಾಡುವಾಗ ಆ ಹೆಸರಿನ ಹಿಂದಿನ ತ್ಯಾಗವನ್ನು ಮಕ್ಕಳಿಗೆ ಹೇಳಿರಿ. ಕಿರಣ್ ವಿಮಾನಗಳು ಮುಂದೆ ಸಾವಿರಾರು ಚಾಲಕರಿಗೆ ಪಾಠ ಹೇಳಿದವು. 1996ರಲ್ಲಿ ಬೀದರಿನಲ್ಲಿ ಹುಟ್ಟಿದ ಸೂರ್ಯಕಿರಣ್ ತಂಡ 2011ರವರೆಗೆ ಬಳಸಿದ್ದೂ ಇದೇ ವಿಮಾನಗಳನ್ನು. ಯಲಹಂಕದ ಆಕಾಶದಲ್ಲಿ ಅವುಗಳ ಕಸರತ್ತನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಅವು ಒಂದು ಕಾಲದಲ್ಲಿ ಶಿಷ್ಯರಿಗಾಗಿ ಕಟ್ಟಿದ ವಿಮಾನಗಳು ಎಂಬುದು ಮಾತ್ರ ಬಹಳ ಮಂದಿಗೆ ತಿಳಿಯದು.

1965ರಲ್ಲಿ ಭಾರತ ಸರಕಾರ ಘಾಟಗೆಯವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. 1991ರ ಡಿಸೆಂಬರ್ 6ರಂದು, ತಮ್ಮ 83ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಹೆಸರಿನಲ್ಲಿ ಭಾರತೀಯ ವೈಮಾನಿಕ ಸಂಘದ ಪ್ರಶಸ್ತಿಯಿದೆ, ಎಚ್.ಎ.ಎಲ್.ನಲ್ಲಿ ಒಂದು ಸಭಾಂಗಣವಿದೆ. ಅವರು ಹೋದ ಹತ್ತನೇ ವರ್ಷದಲ್ಲಿ, 2001ರ ಜನವರಿ 4ರಂದು, ತೇಜಸ್ ಯುದ್ಧವಿಮಾನ ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿತು. 2016ರ ಮೇ 31ರಂದು ಎಚ್.ಟಿ.ಟಿ.-40 ಎಂಬ ಹೊಸ ತರಬೇತಿ ವಿಮಾನ ಇಲ್ಲಿಂದಲೇ ಹಾರಿತು. ಅದರ ಹೆಸರಿನಲ್ಲೂ ಹಿಂದೂಸ್ತಾನ್ ಟ್ರೇನರ್ ಉಳಿದಿದೆ.

ನಮ್ಮ ಮನೆಗಳಿಗೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮಕ್ಕಳನ್ನು ಇಂಥ ತರಗತಿಗೆ ಕಳುಹಿಸಬೇಕೇ? ಘಾಟಗೆಯವರ ಬದುಕು ನಮಗೊಂದು ಅಳತೆಗೋಲು ಕೊಡುತ್ತದೆ. ಶುಲ್ಕ ಎಷ್ಟು, ಸರ್ಟಿಫಿಕೇಟ್ ಎಷ್ಟು ದೊಡ್ಡದು ಎಂದು ಕೇಳುವುದರ ಜೊತೆಗೆ, ಅಲ್ಲಿ ಮಗು ತನ್ನ ಕೈಯಿಂದಲೇ ಕಟ್ಟುತ್ತದೆಯೇ ಎಂದು ಕೇಳಿರಿ. ಕಟ್ಟಿದ್ದು ಬಿದ್ದಾಗ ಕಲಿಸುವವರು ಏನು ಮಾಡುತ್ತಾರೆ ಎಂದು ವಿಚಾರಿಸಿರಿ. ಬಿದ್ದದ್ದನ್ನು ಅವರೇ ಎತ್ತಿ ಸರಿಮಾಡಿ ಕೊಟ್ಟರೆ ಮಗು ಕಲಿಯುವುದು ಕಡಿಮೆ. ಏಕೆ ಬಿತ್ತು ಎಂದು ಮಗುವೇ ಯೋಚಿಸುವಂತೆ ಮಾಡಿದರೆ, ಭಾರ ಹಿಂದಾಯಿತೇ, ರೆಕ್ಕೆ ಸೊಟ್ಟಗಾಯಿತೇ ಎಂದು ಅಳೆದು ನೋಡಿ ಬರೆದಿಡಲು ಕಲಿಸಿದರೆ, ಅದು ಒಳ್ಳೆಯ ಗುರುವಿರುವ ತರಗತಿ.

ಹಣವಿಲ್ಲದವರಿಗೂ ದಾರಿಯಿದೆ. ಒಂದು ಹಳೆಯ ನೋಟ್‌ಬುಕ್ಕಿನ ಹಾಳೆಯಿಂದ ಕಾಗದದ ವಿಮಾನ ಮಾಡಿ, ಅದರ ಮೂತಿಗೆ ಒಂದು ಜೆಮ್ ಕ್ಲಿಪ್ ಸಿಕ್ಕಿಸಿ, ಹಿಂದೆಮುಂದೆ ಸರಿಸಿ ಹಾರಿಸಿದರೆ ಸಮತೋಲನದ ಮೊದಲ ಪಾಠ ಮುಗಿಯುತ್ತದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ರೈಟ್ ಸೋದರರ ವಿಮಾನದ ನಿಜಗಾತ್ರದ ಪ್ರತಿರೂಪವಿದೆ. ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಎಚ್.ಟಿ.-2 ವಿಮಾನವನ್ನೇ ಕಣ್ಣಾರೆ ನೋಡಬಹುದು. ಶಾಲೆ ಕಾಲೇಜುಗಳಲ್ಲಿ ಎನ್.ಸಿ.ಸಿ. ವಾಯು ವಿಭಾಗವಿದ್ದರೆ ಅಲ್ಲಿ ಮಾದರಿ ವಿಮಾನ ಕಟ್ಟುವುದನ್ನೂ ಕಲಿಸುತ್ತಾರೆ. ಹಾರಾಟ ಕಲಿಯುವವರ ಪರವಾನಗಿಗೆ 16 ವರ್ಷ ತುಂಬಿದವರು ಅರ್ಹರು. ಹೆಣ್ಣುಮಕ್ಕಳಿಗೆ ಇದೆಲ್ಲ ಏಕೆ ಎನ್ನುವ ಮಾತನ್ನು ಇನ್ನು ಬಿಡೋಣ. ವಾಯುಪಡೆಯ ಯುದ್ಧವಿಮಾನಗಳನ್ನೇ ಅವರು 2018ರಿಂದ ಹಾರಿಸುತ್ತಿದ್ದಾರೆ. ಒಂದು ಎಚ್ಚರಿಕೆ ಮಾತ್ರ ಬೇಕು. ನಮ್ಮ ಸುತ್ತ ಜಾಲಹಳ್ಳಿ, ಯಲಹಂಕ, ಜಕ್ಕೂರುಗಳಲ್ಲಿ ವಾಯುಪಡೆಯ ನೆಲೆಗಳೂ ವಿಮಾನ ಇಳಿಯುವ ತಾಣಗಳೂ ಇರುವುದರಿಂದ ನಿಯಮ ತಿಳಿಯದೆ, ಅನುಮತಿಯಿಲ್ಲದೆ ಡ್ರೋನ್ ಅಥವಾ ಎಂಜಿನ್ ಮಾದರಿಗಳನ್ನು ಹಾರಿಸಬಾರದು.

ವಿಮಾನದಲ್ಲಿ ಹಾರುವವರಿಗೆ ಲೊರೆಟೊ ಮಾತೆಯನ್ನು ಪಾಲಕಿಯೆಂದು 1920ರಲ್ಲಿ ಹದಿನೈದನೇ ಬೆನೆಡಿಕ್ಟ್ ಜಗದ್ಗುರುಗಳು ಘೋಷಿಸಿದ್ದು ನಮ್ಮಲ್ಲಿ ಕೆಲವರಿಗಾದರೂ ತಿಳಿದಿರಬಹುದು. ನಜರೇತಿನ ಆ ಪುಟ್ಟ ಮನೆಯನ್ನು ದೇವದೂತರು ಹೊತ್ತು ತಂದರು ಎಂಬ ಪರಂಪರೆಯ ನಂಬಿಕೆ ಇದಕ್ಕೆ ಕಾರಣ. ಆ ಮನೆಯಲ್ಲೂ ಒಂದು ಬಡಗಿಯ ಕೆಲಸದ ಜಾಗವಿತ್ತು, ಕೈಕೆಲಸ ಕಲಿಯುತ್ತಿದ್ದ ಒಬ್ಬ ಹುಡುಗನಿದ್ದ.

ಘಾಟಗೆಯವರು ಕಟ್ಟಿದ ಎಚ್.ಟಿ.-2 ವಿಮಾನಗಳು ಈಗ ತರಬೇತಿಯ ಕೆಲಸದಲ್ಲಿಲ್ಲ, ವಸ್ತುಸಂಗ್ರಹಾಲಯಗಳಲ್ಲಿ ನಿಂತಿವೆ. ಅವುಗಳಲ್ಲಿ ಕಲಿತವರು ಇತರರಿಗೆ ಕಲಿಸಿದರು, ಅವರು ಮತ್ತೆ ಇತರರಿಗೆ. ನಿಮ್ಮ ಮಗುವಿನ ಮೊದಲ ವಿಮಾನ ಈ ಭಾನುವಾರ ಅಂಗಳದಲ್ಲಿ ಮೂತಿ ಕುಕ್ಕಿ ಬಿದ್ದರೆ ನಗಬೇಡಿ, ಬೈಯಬೇಡಿ, ನೀವೇ ಓಡಿಹೋಗಿ ಎತ್ತಲೂ ಬೇಡಿ. ಪಕ್ಕದಲ್ಲಿ ಕುಳಿತು, ಏಕೆ ಬಿತ್ತು ಎಂದು ಕೇಳಿರಿ. ಉಳಿದದ್ದನ್ನು ಮಗುವೇ ಮಾಡುತ್ತದೆ.